ಪತ್ತೇದಾರನ ತಲೆಗೆ ಬಂದ ಅಪವಾದ : ರೋಡ್ ಗ್ರಾಮದ ಕೊಲೆಯೂ ‘ಮೂನ್‌ಸ್ಟೋನ್’ ಕಾದಂಬರಿಯೂ

೧

ಪತ್ತೇದಾರಿ ಕಾದಂಬರಿಯನ್ನು ಕೈಗೆತ್ತಿಕೊಂಡ ಓದುಗನ ಮನಸ್ಸು ಸಾಮಾನ್ಯವಾಗಿ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಸಾಗುತ್ತದೆ: ಅಪರಾಧಿ ಯಾರು? ಕಥೆ ಮುಗಿಯುವ ವೇಳೆಗೆ ಇದಕ್ಕೆ ಉತ್ತರ ದೊರೆತರೆ ಅವನಿಗೆ ತೃಪ್ತಿಯಾಗುತ್ತದೆ. ಆದರೆ ಈ ಪ್ರಶ್ನೆಯ ಅಡಿಯಲ್ಲಿ ಬೇರೊಂದು ಪ್ರಶ್ನೆ ಅಡಗಿರುವುದನ್ನು ಇತಿಹಾಸದ ವಿದ್ಯಾರ್ಥಿಯು ಗಮನಿಸದೆ ಇರಲಾರನು. ತನಿಖೆ ಕೆಟ್ಟಾಗ ಅದರ ಹೊಣೆ ಯಾರ ತಲೆಗೆ ಬರುತ್ತದೆ, ಯಾರ ತಲೆಯಿಂದ ಜಾರಿಹೋಗುತ್ತದೆ ಎಂಬುದೇ ಆ ಎರಡನೆಯ ಪ್ರಶ್ನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ನಮ್ಮ ನಾಡಿನ ಗಾದೆ ಕೇವಲ ದನದ ಕೊಟ್ಟಿಗೆಗೆ ಸಂಬಂಧಿಸಿದುದಲ್ಲ. ಕಚೇರಿಗಳಿಗೂ ಇಲಾಖೆಗಳಿಗೂ ಅದು ಅಷ್ಟೇ ಚೆನ್ನಾಗಿ ಅನ್ವಯಿಸುತ್ತದೆ. ಪತ್ತೇದಾರರ ಇಲಾಖೆಯೂ ಇದಕ್ಕೆ ಹೊರತಲ್ಲ.

ಪತ್ತೇದಾರಿ ಸಾಹಿತ್ಯವನ್ನು ಕೇವಲ ಹೊತ್ತು ಕಳೆಯುವ ಸಾಧನವೆಂದು ತಿಳಿದು ವಿದ್ವಾಂಸರು ಅದನ್ನು ಬದಿಗೆ ಸರಿಸಿದುದುಂಟು. ನಮ್ಮ ಅಭಿಪ್ರಾಯ ಹಾಗಿಲ್ಲ. ಒಂದು ಸಮಾಜವು ತನ್ನ ಅಧಿಕಾರ ಸಂಸ್ಥೆಗಳ ವಿಷಯದಲ್ಲಿ ನ್ಯಾಯಾಲಯದಲ್ಲಿಯೂ ಸಂಸತ್ತಿನಲ್ಲಿಯೂ ಹೇಳಲಾರದ ಮಾತನ್ನು ಕಥೆಯಲ್ಲಿ ಹೇಳಿಕೊಳ್ಳುತ್ತದೆ. ಆ ಮಾತು ಯಾವುದೆಂಬುದನ್ನು ಕಾಣಬೇಕಾದರೆ ಕಥೆಯನ್ನು ಅದರ ಹಿಂದಿನ ನಿಜ ಘಟನೆಯೊಡನೆ ಇಟ್ಟು ನೋಡಬೇಕು. ಪ್ರಕೃತ ಲೇಖನದಲ್ಲಿ ನಾವು ಆರಿಸಿಕೊಂಡಿರುವ ಘಟನೆ ೧೮೬೦ರಲ್ಲಿ ಇಂಗ್ಲೆಂಡಿನ ರೋಡ್ ಎಂಬ ಗ್ರಾಮದಲ್ಲಿ ನಡೆದ ಮಗುವಿನ ಕೊಲೆ; ಕಥೆ ವಿಲ್ಕಿ ಕಾಲಿನ್ಸನು ೧೮೬೮ರಲ್ಲಿ ಪ್ರಕಟಿಸಿದ ‘ಮೂನ್‌ಸ್ಟೋನ್’ ಎಂಬ ಕಾದಂಬರಿ. ಈ ಕಾದಂಬರಿಯ ಮೊದಲ ಪುಟಗಳು ನಮ್ಮ ಶ್ರೀರಂಗಪಟ್ಟಣದ ಕೋಟೆಯೊಳಗೇ ತೆರೆದುಕೊಳ್ಳುವುದರಿಂದ ಕನ್ನಡ ಓದುಗರಿಗೆ ಅದು ತೀರ ದೂರದ ವಸ್ತುವೂ ಅಲ್ಲ.

೨

ಮೊದಲು ಇಲಾಖೆಯ ಹುಟ್ಟನ್ನು ಸಂಕ್ಷೇಪವಾಗಿ ನೋಡೋಣ. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ದಳವನ್ನು ಅಂದಿನ ಗೃಹಮಂತ್ರಿ ರಾಬರ್ಟ್ ಪೀಲನು ೧೮೨೯ರಲ್ಲಿ ಸ್ಥಾಪಿಸಿದನು. ಈ ದಳದ ಕೆಲಸ ಅಪರಾಧವನ್ನು ತಡೆಗಟ್ಟುವುದೇ ಹೊರತು, ಗುಟ್ಟಾಗಿ ಜನರ ಬೆನ್ನು ಹತ್ತುವುದಲ್ಲ ಎಂದು ಸರಕಾರವು ಭರವಸೆ ಕೊಟ್ಟಿತು. ಪೊಲೀಸಿನವನು ದೂರದಿಂದಲೇ ಗುರುತು ಸಿಗುವಂತೆ ನೀಲಿಯ ಸಮವಸ್ತ್ರ ತೊಡಬೇಕಾಗಿತ್ತು. ಫ್ರಾನ್ಸಿನ ಗೂಢಚಾರರಂತಹ ಸಂಸ್ಥೆ ತಮ್ಮ ದೇಶದಲ್ಲಿಯೂ ಬೆಳೆದೀತೆಂಬ ಅಂಜಿಕೆ ಆಂಗ್ಲ ಜನರಲ್ಲಿ ಬಲವಾಗಿತ್ತು.

ಈ ಅಂಜಿಕೆಗೆ ಮೊದಲು ತಲೆದಂಡ ತೆತ್ತವನು ವಿಲಿಯಮ್ ಪೋಪೆ ಎಂಬ ಸಾರ್ಜೆಂಟನು. ಅವನು ಸಾಮಾನ್ಯ ಉಡುಪಿನಲ್ಲಿ ಒಂದು ರಾಜಕೀಯ ಸಂಘವನ್ನು ಸೇರಿ, ಅದರ ಸದಸ್ಯನಂತೆ ನಟಿಸಿ, ಅಲ್ಲಿನ ಸುದ್ದಿಯನ್ನು ಮೇಲಧಿಕಾರಿಗಳಿಗೆ ಮುಟ್ಟಿಸುತ್ತಿದ್ದನು. ೧೮೩೩ರಲ್ಲಿ ಸಂಗತಿ ಬಯಲಾಗಿ ಕಾಮನ್ಸ್ ಸಭೆಯ ಸಮಿತಿಯೊಂದು ವಿಚಾರಣೆ ನಡೆಸಿತು. ಮೇಲಧಿಕಾರಿಗಳಿಗೆ ಮೇಲ್ವಿಚಾರಣೆ ಸಾಲದೆಂಬ ಆಕ್ಷೇಪಣೆ ಬಂದಿತು. ಪೋಪೆಗೆ ಕೆಲಸವೇ ಹೋಯಿತು. ವರದಿಗಳನ್ನು ಓದುತ್ತಿದ್ದವರು ಉಳಿದರು, ಬರೆದವನು ಹೊರಬಿದ್ದನು. ಮುಂದೆ ನಾವು ಕಾಣಲಿರುವ ಪದ್ಧತಿಯ ಮೊದಲ ಗೆರೆ ಇಲ್ಲಿಯೇ ಬಿದ್ದಿತೆನ್ನಬಹುದು.

೧೮೪೨ರಲ್ಲಿ ಡೇನಿಯಲ್ ಗುಡ್ ಎಂಬ ಕೊಲೆಗಾರನು ಹಲವು ದಿನಗಳ ಕಾಲ ಪೊಲೀಸರಿಗೆ ಸಿಗದೆ ತಪ್ಪಿಸಿಕೊಂಡುದರಿಂದ ದಳದ ಅದಕ್ಷತೆ ಎಲ್ಲರ ಬಾಯಿಗೂ ಬಂದಿತು. ಅದೇ ವರ್ಷ ಇಬ್ಬರು ಇನ್‌ಸ್ಪೆಕ್ಟರರು, ಆರು ಮಂದಿ ಸಾರ್ಜೆಂಟರು ಇದ್ದ ಸಣ್ಣದೊಂದು ಪತ್ತೇದಾರಿ ಶಾಖೆ ಸ್ಕಾಟ್ಲೆಂಡ್ ಯಾರ್ಡಿನಲ್ಲಿ ಹುಟ್ಟಿತು. ಕೇವಲ ಎಂಟು ಜನ! ತೋಟಗಾರನ ಮಗನಾದ ಜೊನಾಥನ್ ವಿಚರನು ಈ ಶಾಖೆಯ ಮೊದಲಿಗರಲ್ಲಿ ಒಬ್ಬನು. ಚಾರ್ಲ್ಸ್ ಡಿಕನ್ಸನು ೧೮೫೦ರಲ್ಲಿ ತನ್ನ ಪತ್ರಿಕೆಯಲ್ಲಿ ಈ ಪತ್ತೇದಾರರನ್ನು ಮನಸಾರೆ ಹೊಗಳಿ ಬರೆದನು. ವಿಚರನನ್ನು ವಿಚೆಮ್ ಎಂಬ ಹೆಸರಿನಲ್ಲಿ, ಇನ್‌ಸ್ಪೆಕ್ಟರ್ ಫೀಲ್ಡನನ್ನು ವೀಲ್ಡ್ ಎಂಬ ಹೆಸರಿನಲ್ಲಿ ಚಿತ್ರಿಸಿದನು. ಕುಳ್ಳಾದ, ದಪ್ಪನೆಯ ಮೈಕಟ್ಟಿನ, ಸಿಡುಬಿನ ಕಲೆಗಳ ಮುಖದ, ಏನೋ ಲೆಕ್ಕ ಹಾಕುತ್ತಿರುವಂತೆ ತೋರುವ ಮಿತಭಾಷಿ — ಇದು ಅಲ್ಲಿ ಕಾಣುವ ವಿಚರನ ಚಿತ್ರ. ಎರಡು ವರ್ಷಗಳ ಅನಂತರ ಹೊರಬರತೊಡಗಿದ ಡಿಕನ್ಸನ ‘ಬ್ಲೀಕ್ ಹೌಸ್’ ಕಾದಂಬರಿಯ ಇನ್‌ಸ್ಪೆಕ್ಟರ್ ಬಕೆಟ್ಟನ ಪಾತ್ರಕ್ಕೆ ಫೀಲ್ಡನೇ ಮಾದರಿಯೆಂದು ಪ್ರಸಿದ್ಧಿ. ಹೀಗೆ ಹುಟ್ಟಿದ ಹತ್ತು ವರ್ಷಗಳಲ್ಲಿಯೇ ಪತ್ತೇದಾರನು ಜನರ ಕಣ್ಣಿನಲ್ಲಿ ವೀರನಾದನು. ಇಷ್ಟು ಬೇಗ ಏರಿದ ಕೀರ್ತಿಯು ಅಷ್ಟೇ ಬೇಗ ಇಳಿಯಲು ಒಂದೇ ಒಂದು ಮೊಕದ್ದಮೆ ಸಾಕಾಯಿತು.

೩

೧೮೬೦ನೆಯ ಜೂನ್ ೨೯ರ ರಾತ್ರಿ ಕಳೆದು ೩೦ರ ಬೆಳಗಾಗುವುದರೊಳಗೆ, ವಿಲ್ಟ್‌ಷೈರ್ ಮತ್ತು ಸಾಮರ್ಸೆಟ್ ಪ್ರಾಂತಗಳ ಗಡಿಯಲ್ಲಿದ್ದ ರೋಡ್ ಗ್ರಾಮದ ದೊಡ್ಡ ಮನೆಯೊಂದರಲ್ಲಿ, ನಾಲ್ಕು ವರ್ಷ ಇನ್ನೂ ತುಂಬದ ಸ್ಯಾವಿಲ್ ಎಂಬ ಗಂಡುಮಗು ಹಾಸಿಗೆಯಿಂದ ಕಾಣೆಯಾಯಿತು. ಹುಡುಕಿದವರಿಗೆ ತೋಟದ ಶೌಚಗೃಹದ ಗುಂಡಿಯಲ್ಲಿ ಕತ್ತು ಕೊಯ್ದ ಶವ ದೊರೆಯಿತು. ತಂದೆ ಸ್ಯಾಮ್ಯುಅಲ್ ಕೆಂಟನು ಕಾರ್ಖಾನೆಗಳ ತನಿಖೆಗೆ ನೇಮಿತನಾದ ಸರಕಾರಿ ಅಧಿಕಾರಿ. ಆತನ ಮೊದಲ ಹೆಂಡತಿ ತೀರಿಕೊಂಡ ಮೇಲೆ, ಆ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವಳೇ ಎರಡನೆಯ ಹೆಂಡತಿಯಾಗಿದ್ದಳು. ಸತ್ತ ಮಗು ಅವಳದು. ಮೊದಲ ಹೆಂಡತಿಯ ಮಕ್ಕಳಲ್ಲಿ ಕಾನ್‌ಸ್ಟನ್ಸ್ ಎಂಬ ಹದಿನಾರರ ಹುಡುಗಿಯೂ, ಆಕೆಯ ತಮ್ಮ ವಿಲಿಯಮ್ಮನೂ ಮನೆಯಲ್ಲಿದ್ದರು.

ಸ್ಥಳೀಯ ಪೊಲೀಸರ ಮುಖ್ಯಸ್ಥ ಸೂಪರಿಂಟೆಂಡೆಂಟ್ ಫೋಲಿಯ ಸಂಶಯ ಮೊದಲು ಹೋದುದು ಮನೆಯಾಳುಗಳ ಕಡೆಗೆ, ಅದರಲ್ಲಿಯೂ ಮಗುವಿನ ಕೋಣೆಯಲ್ಲಿ ಮಲಗುತ್ತಿದ್ದ ದಾದಿ ಎಲಿಜಬೆತ್ ಗಫಳ ಕಡೆಗೆ. ಎರಡು ವಾರ ಕಳೆದರೂ ಏನೂ ತಿಳಿಯದಿರಲು, ಮ್ಯಾಜಿಸ್ಟ್ರೇಟರು ಲಂಡನ್ನಿನಿಂದ ಪತ್ತೇದಾರನನ್ನು ಕಳುಹಿಸಬೇಕೆಂದು ಗೃಹ ಇಲಾಖೆಗೆ ಬರೆದುಕೊಂಡರು. ೧೮೫೬ರ ಶಾಸನದ ಪ್ರಕಾರ ಪ್ರತಿಯೊಂದು ಪ್ರಾಂತವೂ ತನ್ನದೇ ಪೊಲೀಸ್ ದಳವನ್ನು ಇಟ್ಟುಕೊಳ್ಳಬೇಕಾಗಿತ್ತು. ಪ್ರಾಂತದ ಕೆಲಸ ಪ್ರಾಂತಕ್ಕೆ ಎಂಬುದು ಅಂದಿನ ತತ್ತ್ವ. ಆದುದರಿಂದ ಲಂಡನ್ನಿನಿಂದ ಪತ್ತೇದಾರನು ಬರುವುದೆಂದರೆ ಊರಿನ ಪೊಲೀಸರ ಕೈಯಲ್ಲಿ ಆಗಲಿಲ್ಲವೆಂದು ಸಾರ್ವಜನಿಕವಾಗಿ ಒಪ್ಪಿಕೊಂಡಂತೆ. ಜುಲೈ ನಡುವಿನಲ್ಲಿ ವಿಚರನು ರೋಡ್ ಗ್ರಾಮಕ್ಕೆ ಬಂದಾಗ ಆತನನ್ನು ಕರೆದವರು ಮ್ಯಾಜಿಸ್ಟ್ರೇಟರು. ಆತನು ಕೆಲಸ ಮಾಡಬೇಕಾಗಿದ್ದುದು ಮಾತ್ರ ಕರೆಯದಿದ್ದವರ ಜೊತೆಯಲ್ಲಿ. ಈ ಅಂಶವನ್ನು ನೆನಪಿನಲ್ಲಿಟ್ಟುಕೊಳ್ಳದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ವಿಚರನು ಹಿಡಿದ ಜಾಡು ಬಲು ಸಣ್ಣದು: ಒಂದು ರಾತ್ರಿಯಂಗಿ. ಕಾನ್‌ಸ್ಟನ್ಸಳಿಗೆ ಮೂರು ರಾತ್ರಿಯಂಗಿಗಳಿದ್ದವು. ಎರಡು ಮಾತ್ರ ಸಿಕ್ಕವು. ಮೂರನೆಯದನ್ನು ಕೊಲೆಯಾದ ಮೇಲಿನ ಸೋಮವಾರ ಒಗೆಯಲು ಹಾಕಿದುದಾಗಿ ಬಟ್ಟೆಯ ಲೆಕ್ಕದ ಪುಸ್ತಕದಲ್ಲಿ ಬರೆದಿತ್ತು. ತನ್ನ ಕೈಗೆ ಅದು ಬರಲೇ ಇಲ್ಲವೆಂದು ಅಗಸಗಿತ್ತಿ ಹೇಳಿದಳು. ವಿಚರನ ತರ್ಕ ಹೀಗಿತ್ತು: ಕೊಲೆಯ ರಾತ್ರಿ ತೊಟ್ಟಿದ್ದ ಅಂಗಿಯನ್ನು ಹುಡುಗಿ ನಾಶಮಾಡಿದ್ದಾಳೆ, ಅದು ಕಡಿಮೆಯಾದುದಕ್ಕೆ ಸಮಾಧಾನ ಬೇಕಾದುದರಿಂದ ಬುಟ್ಟಿಗೆ ಹಾಕಿದ ಬೇರೊಂದು ಅಂಗಿಯನ್ನು, ಕೆಲಸದವಳ ಗಮನವನ್ನು ಬೇರೆಡೆಗೆ ತಿರುಗಿಸಿ, ಹಿಂದಕ್ಕೆ ತೆಗೆದುಕೊಂಡಿದ್ದಾಳೆ, ಹೀಗೆ ಕಳೆದುಹೋದುದರ ಹೊಣೆ ಅಗಸಗಿತ್ತಿಯ ಮೇಲೆ ಬೀಳಲಿ ಎಂಬುದು ಆಕೆಯ ಹಂಚಿಕೆ. ದೊಡ್ಡ ಮನೆಯೊಂದರಲ್ಲಿ ತಪ್ಪು ಮೇಲಿನಿಂದ ಕೆಳಕ್ಕೆ ಹೇಗೆ ಇಳಿಯುತ್ತದೆ ಎಂಬುದನ್ನು ತೋಟಗಾರನ ಮಗನು ಚೆನ್ನಾಗಿ ಬಲ್ಲವನಾಗಿದ್ದನು.

ಜುಲೈ ೨೦ರಂದು ಕಾನ್‌ಸ್ಟನ್ಸಳ ಬಂಧನವಾಯಿತು. ವಿಚರನಿಗೆ ಸಾಕ್ಷ್ಯ ಕೂಡಿಸಲು ಒಂದು ವಾರದ ಅವಧಿ ದೊರೆಯಿತು. ಅಂಗಿ ಸಿಕ್ಕಲಿಲ್ಲ. ೨೭ರಂದು ನಡೆದ ವಿಚಾರಣೆಯಲ್ಲಿ ಹುಡುಗಿಯ ಪರ ವಕೀಲ ಎಡ್ಲಿನನು ಕೊಲೆಯ ವಿಷಯಕ್ಕಿಂತ ಪತ್ತೇದಾರನ ವಿಷಯವನ್ನೇ ಹೆಚ್ಚಾಗಿ ಮಾತನಾಡಿದನು. ಬಹುಮಾನದ ಆಸೆಯಿಂದ ಮರ್ಯಾದಸ್ಥರ ಮಗಳ ಮೇಲೆ ಕೈಹಾಕಿದವನೆಂದು ಆತನನ್ನು ಬಣ್ಣಿಸಿದನು. ಸೇರಿದ್ದ ಜನ ಹರ್ಷಪಟ್ಟರು, ಹುಡುಗಿಗೆ ಬಿಡುಗಡೆಯಾಯಿತು, ವಿಚರನು ಲಂಡನ್ನಿಗೆ ಹಿಂದಿರುಗಿದನು. ಪತ್ರಿಕೆಗಳು ಆತನ ಮೇಲೆ ಹರಿಹಾಯ್ದವು. ಸಂಸತ್ತಿನಲ್ಲಿಯೂ ಆತನ ನಡತೆಯ ಮೇಲೆ ಆಕ್ಷೇಪಣೆ ಎದ್ದಿತು. ಹಿಂದೆ ಆತನನ್ನು ಹೊಗಳಿದ್ದ ಡಿಕನ್ಸನು ಸಹ ಬೇರೆ ಊಹೆಗೆ ಮನಸ್ಸು ಕೊಟ್ಟಿದ್ದನು. ತಂದೆಗೂ ದಾದಿಗೂ ಗುಪ್ತ ಸಂಬಂಧವಿದ್ದು, ಎಚ್ಚರಗೊಂಡ ಮಗು ಅದಕ್ಕಾಗಿ ಸತ್ತಿತೆಂದು ಆತನು ಆ ವರ್ಷವೇ ಕಾಲಿನ್ಸನಿಗೆ ಪತ್ರ ಬರೆದನು.

೪

ಈಗ ನಾವು ಪ್ರಕರಣದ ಕೇಂದ್ರಕ್ಕೆ ಬರುತ್ತೇವೆ. ಅದೇ ವರ್ಷದ ನವೆಂಬರ್ ತಿಂಗಳಿನಲ್ಲಿ ಸಾಂಡರ್ಸ್ ಎಂಬ ಮ್ಯಾಜಿಸ್ಟ್ರೇಟನು ತಾನಾಗಿಯೇ ಒಂದು ವಿಚಾರಣೆ ನಡೆಸಿದನು. ಆತನ ರೀತಿ ವಿಲಕ್ಷಣವಾಗಿದ್ದುದರಿಂದ ಜನ ನಕ್ಕರು. ಆದರೆ ನಗೆಯ ನಡುವೆ ಒಂದು ಸಂಗತಿ ಹೊರಬಿದ್ದಿತು. ಕೊಲೆ ಬೆಳಕಿಗೆ ಬಂದ ದಿನವೇ ಸ್ಥಳೀಯ ಪೊಲೀಸರಿಗೆ ಮನೆಯೊಳಗೆ, ನೀರು ಕಾಯಿಸುವ ಹಂಡೆಯ ಒಲೆಗೂಡಿನಲ್ಲಿ, ರಕ್ತದ ಕಲೆಗಳಿದ್ದ ಹೆಂಗಸಿನ ಒಳ ಅಂಗಿಯೊಂದು ಸಿಕ್ಕಿತ್ತು. ಅದನ್ನು ಇಟ್ಟವರು ತೆಗೆಯಲು ಬಂದಾಗ ಹಿಡಿಯಬಹುದೆಂದು ಅದನ್ನು ಅಲ್ಲಿಯೇ ಬಿಟ್ಟು, ರಾತ್ರಿ ಇಬ್ಬರು ಕಾನ್‌ಸ್ಟೇಬಲರನ್ನು ಕಾವಲಿಗಿಟ್ಟರು. ಮನೆಯ ಯಜಮಾನನು ಆ ಇಬ್ಬರನ್ನು ಅಡಿಗೆಮನೆಯೊಳಗೆ ಕೂರಿಸಿ ಹೊರಗಿನಿಂದ ಅಗುಳಿ ಹಾಕಿದನು. ಬಟ್ಟೆ ಮಾಯವಾಯಿತು. ಈ ಅವಮಾನವನ್ನು ಹೊರಗೆಡಹಲು ಫೋಲಿಗೂ ಆತನ ಕೈಕೆಳಗಿನವರಿಗೂ ಮನಸ್ಸಾಗಲಿಲ್ಲ. ಅದು ಕೊಲೆಗೆ ಸಂಬಂಧಪಟ್ಟ ವಸ್ತುವಲ್ಲವೆಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ವಿಚರನಿಗೆ ಒಂದು ಮಾತನ್ನೂ ತಿಳಿಸಲಿಲ್ಲ.

ಪರಿಣಾಮವನ್ನು ಯೋಚಿಸಿ ನೋಡಿ. ವಿಚರನು ಇಲ್ಲದ ಅಂಗಿಯೊಂದರ ಆಧಾರದ ಮೇಲೆ ಮೊಕದ್ದಮೆ ಕಟ್ಟುತ್ತಿದ್ದಾನೆ. ಒಂದು ಕಾಲಕ್ಕೆ ಕೈಯಲ್ಲಿದ್ದ ಬಟ್ಟೆಯ ವಿಷಯವನ್ನು ಆತನ ಪಕ್ಕದಲ್ಲಿ ಕುಳಿತವರು ಬಚ್ಚಿಟ್ಟಿದ್ದಾರೆ. ಆ ಬಟ್ಟೆ ಕೊಲೆಗಾರಳದೇ ಆಗಿತ್ತೆಂದು ಖಂಡಿತವಾಗಿ ಹೇಳಲಾಗದು. ಆದರೆ ಅದು ಏನೆಂಬುದನ್ನು ನಿರ್ಣಯಿಸುವ ಅವಕಾಶವೇ ಪತ್ತೇದಾರನಿಗೆ ತಪ್ಪಿಹೋಯಿತು. ಇಲ್ಲಿ ಯಾರೂ ಆತನ ವಿರುದ್ಧ ಒಳಸಂಚು ಹೂಡಲಿಲ್ಲವೆಂಬುದನ್ನು ನಾವು ಒತ್ತಿ ಹೇಳಬೇಕಾಗಿದೆ. ಕಚೇರಿಗಳಲ್ಲಿ ಒಬ್ಬನನ್ನು ಬಲಿಗೊಡಲು ಒಳಸಂಚಿನ ಅಗತ್ಯವಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಸಣ್ಣ ತಪ್ಪನ್ನು ಮುಚ್ಚಿಕೊಂಡರೆ ಸಾಕು. ಮುಚ್ಚಿಕೊಳ್ಳಲು ಏನೂ ಇಲ್ಲದೆ ಬಯಲಿನಲ್ಲಿ ನಿಂತವನ ಮೇಲೆ ಎಲ್ಲ ತಪ್ಪೂ ತಾನಾಗಿಯೇ ಬಂದು ಬೀಳುತ್ತದೆ.

ಅಪವಾದವು ವಿಚರನ ಮೇಲೆಯೇ ಏಕೆ ನಿಂತಿತು? ಕಾರಣ ಮೂರು. ಮೊದಲನೆಯದಾಗಿ, ಆತನು ಹೊರಗಿನವನು. ಊರಿನವರಿಗೆ ಫೋಲಿ ತಮ್ಮವನು. ಎರಡನೆಯದಾಗಿ, ಆತನು ಕೆಳವರ್ಗದಿಂದ ಬಂದವನಾಗಿದ್ದು ಮೇಲುವರ್ಗದ ಮನೆಯ ಮಲಗುವ ಕೋಣೆಯನ್ನೂ ಹೆಣ್ಣುಮಗಳ ಬಟ್ಟೆಯನ್ನೂ ಪರೀಕ್ಷಿಸಿದನು. ಕೊಲೆಗಿಂತ ಇದೇ ದೊಡ್ಡ ಅಪಚಾರವೆಂದು ಅಂದಿನ ಓದುಗರಲ್ಲಿ ಅನೇಕರಿಗೆ ತೋರಿತು. ಮೂರನೆಯದಾಗಿ, ಆತನು ಒಂದು ಹೆಸರನ್ನು ಹೇಳಿದ್ದನು. ಏನೂ ಹೇಳದವರನ್ನು ತಪ್ಪಿತಸ್ಥರೆನ್ನುವುದು ಕಷ್ಟ. ಹೇಳಿ ಸಾಧಿಸಲಾರದವನನ್ನು ಹಿಡಿದುಕೊಳ್ಳುವುದು ಸುಲಭ.

೧೮೬೪ರ ಮಾರ್ಚ್ ತಿಂಗಳಿನಲ್ಲಿ, ಐವತ್ತು ತುಂಬುವ ಹೊತ್ತಿಗೆ, ವಿಚರನು ಅನಾರೋಗ್ಯದ ಕಾರಣದಿಂದ ನಿವೃತ್ತನಾದನು. ಒಂದು ವರ್ಷ ಕಳೆಯಿತು. ೧೮೬೫ರ ಏಪ್ರಿಲ್‌ನಲ್ಲಿ ಕಾನ್‌ಸ್ಟನ್ಸ್ ಕೆಂಟಳು ಬ್ರೈಟನ್ನಿನ ಪಾದ್ರಿ ವ್ಯಾಗ್ನರನೊಡನೆ ಲಂಡನ್ನಿನ ಬೋ ಸ್ಟ್ರೀಟ್ ನ್ಯಾಯಾಲಯಕ್ಕೆ ತಾನಾಗಿಯೇ ಬಂದು, ಮಗುವನ್ನು ಕೊಂದವಳು ತಾನೇ ಎಂದು ಒಪ್ಪಿಕೊಂಡಳು. ಜುಲೈನಲ್ಲಿ ಸಾಲ್ಸ್‌ಬರಿಯಲ್ಲಿ ಆಕೆಗೆ ಮರಣದಂಡನೆಯಾಗಿ, ಅದು ಬಳಿಕ ಜೀವಾವಧಿ ಶಿಕ್ಷೆಗೆ ಇಳಿಯಿತು. ೧೮೮೫ರಲ್ಲಿ ಬಿಡುಗಡೆ ಹೊಂದಿದ ಆಕೆ ಮರುವರ್ಷ ಆಸ್ಟ್ರೇಲಿಯಕ್ಕೆ ಹೋಗಿ, ಹೆಸರು ಬದಲಿಸಿಕೊಂಡು, ದಾದಿಯಾಗಿ ಬಾಳಿ, ನೂರು ವರ್ಷ ತುಂಬಿ ೧೯೪೪ರಲ್ಲಿ ತೀರಿಕೊಂಡಳು. ಕೊಲೆಯಲ್ಲಿ ಆಕೆಯ ತಮ್ಮನ ಪಾಲೂ ಇತ್ತೇ ಎಂಬ ಸಂಶಯ ಮುಂದೆಯೂ ಉಳಿಯಿತು. ಕೇಟ್ ಸಮರ್‌ಸ್ಕೇಲ್ ಎಂಬ ಲೇಖಕಿ ೧೦೦ಕ್ಕೂ ಮಿಕ್ಕಿದ ವರ್ಷಗಳ ಬಳಿಕ, ೨೦೦೮ರಲ್ಲಿ, ವಿಚರನ ಮೇಲೆ ಬರೆದ ಗ್ರಂಥದಲ್ಲಿ ಆ ಸಂಶಯವನ್ನು ಮತ್ತೆ ಎತ್ತಿದ್ದಾರೆ. ಅದು ಹೇಗಾದರೂ ಇರಲಿ, ವಿಚರನು ಹಿಡಿದ ಜಾಡು ಸುಳ್ಳಾಗಿರಲಿಲ್ಲ. ಆತನ ಮಾತು ನಿಜವಾಯಿತು. ಬಿಟ್ಟುಹೋದ ಹುದ್ದೆ ಮಾತ್ರ ಮರಳಲಿಲ್ಲ.

೫

ಮೂರು ವರ್ಷಗಳ ಅನಂತರ, ೧೮೬೮ರ ಜನವರಿಯಿಂದ ಆಗಸ್ಟ್‌ವರೆಗೆ, ಡಿಕನ್ಸನ ವಾರಪತ್ರಿಕೆಯಲ್ಲಿಯೇ ‘ಮೂನ್‌ಸ್ಟೋನ್’ ಧಾರಾವಾಹಿಯಾಗಿ ಬಂದಿತು. ವಿಚರನ ಮಾತನ್ನು ನಂಬದೆ ಹೋದ ಸಂಪಾದಕನ ಪತ್ರಿಕೆಯಲ್ಲಿ ವಿಚರನ ನೆರಳು ನಡೆದಾಡಿತೆಂಬುದು ಇತಿಹಾಸದ ಒಂದು ಸೋಜಿಗ.

ಕಥೆಯನ್ನು ಅಗತ್ಯವಿರುವಷ್ಟು ಮಾತ್ರ ಹೇಳುತ್ತೇವೆ. ರೇಚಲ್ ವೆರಿಂಡರ್ ಎಂಬ ತರುಣಿಗೆ ಹದಿನೆಂಟನೆಯ ಹುಟ್ಟುಹಬ್ಬದ ದಿನ ಅಮೂಲ್ಯವಾದ ವಜ್ರವೊಂದು ಉಡುಗೊರೆಯಾಗಿ ಬರುತ್ತದೆ. ಆ ರಾತ್ರಿಯೇ ಅದು ಕಳುವಾಗುತ್ತದೆ. ಸ್ಥಳೀಯ ಸೂಪರಿಂಟೆಂಡೆಂಟ್ ಸೀಗ್ರೇವನು ಬಂದು ಮನೆಯಾಳುಗಳನ್ನು ಗದರಿಸಿ, ಅವರ ಕೋಣೆಗಳನ್ನು ಶೋಧಿಸಿ, ಎಲ್ಲರನ್ನೂ ರೇಗಿಸುತ್ತಾನೆ. ರೇಚಲಳ ಕೋಣೆಯ ಬಾಗಿಲಿಗೆ ಹೊಸದಾಗಿ ಬಳಿದ ಬಣ್ಣ ಒಂದು ಕಡೆ ಅಳಿಸಿದೆ. ಕೆಲಸದ ಹೆಂಗಸರ ಲಂಗ ತಾಗಿ ಹಾಗಾಯಿತೆಂದು ಆತನು ಅದನ್ನು ಅಲ್ಲಿಗೇ ಬಿಡುತ್ತಾನೆ. ಬಳಿಕ ಲಂಡನ್ನಿನಿಂದ ಸಾರ್ಜೆಂಟ್ ಕಫ್ ಬರುತ್ತಾನೆ. ಆ ಕಲೆಯೇ ಆತನಿಗೆ ಸಮಸ್ತ ರಹಸ್ಯದ ಬೀಗದ ಕೈ. ಬಣ್ಣ ಒಣಗಿದ ಹೊತ್ತನ್ನು ಲೆಕ್ಕ ಹಾಕಿ, ಕಲೆ ನಡುರಾತ್ರಿಯಿಂದ ಮೂರು ಗಂಟೆಯೊಳಗೆ ಆದುದೆಂದು ನಿರ್ಣಯಿಸಿ, ಬಣ್ಣ ಹತ್ತಿದ ಬಟ್ಟೆಯನ್ನು ಹುಡುಕತೊಡಗುತ್ತಾನೆ. ಅಗಸರ ಲೆಕ್ಕದ ಪುಸ್ತಕವನ್ನು ತರಿಸುತ್ತಾನೆ. ಕೊನೆಗೆ ಸಿಗುವುದು ಒಂದು ರಾತ್ರಿಯಂಗಿ.

ರೋಡ್ ಗ್ರಾಮದ ರಾತ್ರಿಯಂಗಿ, ಲೆಕ್ಕದ ಪುಸ್ತಕ, ಸ್ಥಳೀಯ ಅಧಿಕಾರಿಯ ಅದಕ್ಷತೆ, ಲಂಡನ್ನಿನ ಪತ್ತೇದಾರ, ಮನೆಯ ಮಗಳ ಮೇಲಣ ಅನುಮಾನ: ಇವೆಲ್ಲವೂ ಇಲ್ಲಿ ಮತ್ತೆ ಬಂದಿವೆ. ರಕ್ತದ ಸ್ಥಳದಲ್ಲಿ ಬಣ್ಣ, ಕೊಲೆಯ ಸ್ಥಳದಲ್ಲಿ ಕಳವು ನಿಂತಿದೆ. ಕಫ್ ವಿಚರನ ಪ್ರತಿಕೃತಿಯೆಂದು ನಾವು ಹೇಳುತ್ತಿಲ್ಲ. ವಿಚರನು ಕುಳ್ಳನೂ ದಪ್ಪನೂ ಆಗಿದ್ದರೆ ಕಫ್ ಬಡಕಲು ದೇಹದ ವಯಸ್ಸಾದವನು. ಆತನ ಗುಲಾಬಿ ಗಿಡಗಳ ಹುಚ್ಚು ಕಾದಂಬರಿಕಾರನ ಸ್ವಂತ ಸೃಷ್ಟಿಯಾಗಿರಬಹುದು. ಆದರೆ ಪ್ರಕರಣದ ಎಲುಬುಗೂಡು ಒಂದೇ.

ವ್ಯತ್ಯಾಸವಿರುವುದು ತೀರ್ಪಿನಲ್ಲಿ. ಕಾದಂಬರಿಯ ಕಫ್ ತಪ್ಪು ಊಹಿಸುತ್ತಾನೆ. ರೇಚಲಳೇ ತನ್ನ ಸಾಲ ತೀರಿಸಲು ಕೆಲಸದವಳೊಬ್ಬಳ ನೆರವಿನಿಂದ ವಜ್ರವನ್ನು ಬಚ್ಚಿಟ್ಟಳೆಂದು ಆತನ ನಂಬಿಕೆ. ಆದರೆ ಅವಳು ನಿರಪರಾಧಿ. ಮನೆಯೊಡತಿ ಆತನಿಗೆ ಹಣ ಕೊಟ್ಟು ಮರ್ಯಾದೆಯಿಂದ ಕಳುಹಿಸಿಬಿಡುತ್ತಾಳೆ. ಆತನು ನಿವೃತ್ತನಾಗಿ ಗುಲಾಬಿ ಬೆಳೆಯುತ್ತಾನೆ. ಸತ್ಯ ತಿಳಿದು ಬಂದಾಗ ಮರಳಿ ಬಂದು ತನ್ನ ತಪ್ಪನ್ನು ನೇರವಾಗಿ ಒಪ್ಪಿಕೊಂಡು, ನಿಜವಾದ ಕಳ್ಳನ ಹೆಸರನ್ನು ಮೊದಲೇ ಬರೆದು ಮುದ್ರೆ ಹಾಕಿ ಕೊಡುತ್ತಾನೆ. ಆತನ ಗೌರವಕ್ಕೆ ಕೊನೆಯವರೆಗೂ ಕುಂದಿಲ್ಲ. ಹೀಗೆ ನಿಜಜೀವನದಲ್ಲಿ ಸರಿಯಾಗಿ ಊಹಿಸಿದ ಪತ್ತೇದಾರನು ಹೆಸರು ಕಳೆದುಕೊಂಡನು; ಕಥೆಯಲ್ಲಿ ತಪ್ಪಾಗಿ ಊಹಿಸಿದ ಪತ್ತೇದಾರನು ಹೆಸರು ಉಳಿಸಿಕೊಂಡನು.

ಈ ತಿರುವುಮುರುವನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಕಾಲಿನ್ಸನು ಓದುಗರ ಮನಸ್ಸನ್ನು ನೋಯಿಸದೆ ಮರ್ಯಾದಸ್ಥರ ಮಗಳನ್ನು ನಿರ್ದೋಷಿಯಾಗಿ ಉಳಿಸಿದನೆಂದು ಒಂದು ಪಕ್ಷ ಹೇಳಬಹುದು. ಅದು ನಿಜವೂ ಹೌದು. ಆದರೆ ಇದರ ಜೊತೆಗೆ ಇನ್ನೊಂದು ಮಾತೂ ಇದೆ. ಪತ್ತೇದಾರನಿಗೆ ತಪ್ಪು ಮಾಡುವ ಅವಕಾಶವನ್ನೂ ತಪ್ಪನ್ನು ತಿದ್ದಿಕೊಳ್ಳುವ ಕಾಲವನ್ನೂ ಕಾದಂಬರಿ ಕೊಡುತ್ತದೆ. ನಿಜವಾದ ಇಲಾಖೆ ವಿಚರನಿಗೆ ಇವೆರಡನ್ನೂ ಕೊಡಲಿಲ್ಲ. ಏಳು ದಿನ ಕೊಟ್ಟಿತು. ಊಹೆಯು ತಪ್ಪಾಗಬಹುದು ಎಂಬುದನ್ನು ಒಪ್ಪಿಕೊಂಡ ಸಂಸ್ಥೆಯಲ್ಲಿ ಮಾತ್ರ ಊಹೆಯು ಪರೀಕ್ಷೆಗೆ ಒಳಗಾಗುತ್ತದೆ. ಒಪ್ಪಿಕೊಳ್ಳದ ಸಂಸ್ಥೆಯಲ್ಲಿ ತಪ್ಪನ್ನು ಮುಚ್ಚಿಡುವವರೂ, ಮುಚ್ಚಿಟ್ಟುದಕ್ಕೆ ಬೆಲೆ ತೆರುವವರೂ ಮಾತ್ರ ಉಳಿಯುತ್ತಾರೆ.

೬

ಪತ್ತೇದಾರನ ಕಥೆಯನ್ನೇ ಹೇಳಿ ನಿಲ್ಲಿಸಿದರೆ ನಾವೂ ಆ ತಪ್ಪಿನಲ್ಲಿ ಪಾಲುಗಾರರಾದೇವು. ಆತನಿಗಿಂತ ಕೆಳಗಿನವರೂ ಇದ್ದರು. ರೋಡ್ ಗ್ರಾಮದ ದಾದಿ ಗಫಳನ್ನು ಕಾನ್‌ಸ್ಟನ್ಸಳ ಬಿಡುಗಡೆಯಾದ ಮೇಲೆ ಬಂಧಿಸಿ, ಸಾಕ್ಷ್ಯವಿಲ್ಲದೆ ಬಿಟ್ಟರು. ಐದು ವರ್ಷಗಳ ಕಾಲ ಜನರ ಸಂಶಯ ಅವಳ ಬೆನ್ನು ಬಿಡಲಿಲ್ಲ. ಕಾದಂಬರಿಯಲ್ಲಿ ಈ ಸ್ಥಾನ ರೋಸಾನ ಸ್ಪಿಯರ್‌ಮನ್ ಎಂಬ ಕೆಲಸದವಳದು. ಹಿಂದೊಮ್ಮೆ ಕಳವು ಮಾಡಿ ಶಿಕ್ಷೆ ಅನುಭವಿಸಿದ ಅವಳ ಮೇಲೆ ಅನುಮಾನ ಸಹಜವಾಗಿ ತಿರುಗುತ್ತದೆ. ಅವಳು ಕದ್ದಿಲ್ಲ, ತಾನು ಪ್ರೀತಿಸಿದ ಫ್ರಾಂಕ್ಲಿನ್ ಬ್ಲೇಕನ ಬಣ್ಣ ಹತ್ತಿದ ಅಂಗಿಯನ್ನು ಬಚ್ಚಿಟ್ಟು, ಕೊನೆಗೆ ಕುಸಿಮರಳಿನಲ್ಲಿ ಮುಳುಗಿ ಸಾಯುತ್ತಾಳೆ. ಕಫ್ ಎಷ್ಟೇ ಜಾಣನಾದರೂ ಅವಳ ಸಾವಿನ ಹೊಣೆಯಿಂದ ಪೂರ್ತಿ ಬಿಡಿಸಿಕೊಳ್ಳಲಾರನು. ಮೇಲಿನವರಿಂದ ಹೊಡೆತ ತಿನ್ನುವವನೇ ಕೆಳಗಿನವರಿಗೆ ಹೊಡೆತ ಕೊಡುವವನೂ ಆಗಬಲ್ಲನೆಂಬುದನ್ನು ಕಾಲಿನ್ಸನು ಅಡಗಿಸಿಡಲಿಲ್ಲ. ಕಾದಂಬರಿಯ ಹಿರಿಮೆಯಲ್ಲಿ ಇದೂ ಒಂದು ಅಂಶ.

ಇನ್ನು, ವಜ್ರವನ್ನು ಹುಡುಕಿ ಬಂದ ಮೂವರು ಭಾರತೀಯ ಬ್ರಾಹ್ಮಣರು. ಕಳವಾದ ಕೂಡಲೇ ಮ್ಯಾಜಿಸ್ಟ್ರೇಟನು ಅವರನ್ನು ಅಲೆಮಾರಿಗಳೆಂಬ ನೆಪದಲ್ಲಿ ಸೆರೆಗೆ ಹಾಕುತ್ತಾನೆ. ಕಳವಿನ ಹೊತ್ತಿನಲ್ಲಿ ಅವರು ಬೇರೆ ಕಡೆ ಇದ್ದರೆಂಬುದು ಸ್ಪಷ್ಟವಾಗಿದ್ದರೂ ಹಾಗೆ ಮಾಡುತ್ತಾನೆ. ಪರದೇಶದವನಾದರೆ ಸಾಕ್ಷ್ಯ ಬೇಡ ಎಂಬ ನ್ಯಾಯ ಇದು.

ಆದರೆ ವಜ್ರ ಇಂಗ್ಲೆಂಡಿಗೆ ಬಂದುದಾದರೂ ಹೇಗೆ? ಇಲ್ಲಿ ಕಥೆ ನಮ್ಮ ನಾಡಿಗೆ ತಿರುಗುತ್ತದೆ. ೧೭೯೯ನೆಯ ಮೇ ೪ರಂದು ಜನರಲ್ ಬೇರ್ಡನ ಮುಂದಾಳುತನದಲ್ಲಿ ಆಂಗ್ಲ ಸೇನೆ ಶ್ರೀರಂಗಪಟ್ಟಣದ ಕೋಟೆಯನ್ನು ಭೇದಿಸಿತು. ಟಿಪ್ಪು ಸುಲ್ತಾನನು ಹೋರಾಡುತ್ತ ಮಡಿದನು. ಆ ರಾತ್ರಿ ಊರು ಸೂರೆಯಾಯಿತು. ಇದಿಷ್ಟೂ ಇತಿಹಾಸ. ಸೂರೆಯ ನಡುವೆ ಹರ್ನ್‌ಕ್ಯಾಸಲ್ ಎಂಬ ಅಧಿಕಾರಿ ಟಿಪ್ಪುವಿನ ಆಯುಧಶಾಲೆಯಲ್ಲಿ ಮೂವರನ್ನು ಕೊಂದು, ಸೋಮನಾಥದ ಚಂದ್ರದೇವನ ಮೂರ್ತಿಗೆ ಸೇರಿದ್ದ ವಜ್ರವನ್ನು ಕದ್ದನೆಂಬುದು ಕಾದಂಬರಿಯ ಕಲ್ಪನೆ. ಕಂಡವನೊಬ್ಬನಿದ್ದಾನೆ, ಆತನೂ ಸಾಕ್ಷ್ಯ ಸಾಲದೆಂದು ದೂರು ಕೊಡದೆ ಸುಮ್ಮನಾಗುತ್ತಾನೆ. ಹೀಗೆ ಮೊದಲ ಕಳ್ಳತನಕ್ಕೆ ತನಿಖೆಯೇ ನಡೆಯುವುದಿಲ್ಲ. ಎರಡನೆಯ ಕಳ್ಳತನಕ್ಕೆ ಸೂಪರಿಂಟೆಂಡೆಂಟ್, ಸಾರ್ಜೆಂಟ್, ಮ್ಯಾಜಿಸ್ಟ್ರೇಟ್ ಎಲ್ಲರೂ ಓಡಿಬರುತ್ತಾರೆ. ವಜ್ರದ ಮೇಲೆ ನಿಜವಾದ ಹಕ್ಕುಳ್ಳವರೇ ಸೆರೆಮನೆ ಸೇರುತ್ತಾರೆ. ಕೊನೆಗೆ ವಜ್ರವು ಸೋಮನಾಥಕ್ಕೆ ಹಿಂದಿರುಗುವುದಾಗಿ ಕಥೆ ಮುಗಿಯುತ್ತದೆ. ಆಂಗ್ಲ ಓದುಗರಿಗೆ ಇದು ರಮ್ಯವಾದ ಮುಕ್ತಾಯವೆಂದು ತೋರಿರಬಹುದು. ಶ್ರೀರಂಗಪಟ್ಟಣದ ಕೋಟೆಗೋಡೆಗಳನ್ನು ಕಂಡು ಬಲ್ಲ ನಮಗೆ ಅದೊಂದು ಲೆಕ್ಕ ತೀರಿಸಿದ ಸಂಗತಿಯಂತೆ ಕಾಣುತ್ತದೆ.

೭

ವಿಚರನಿಗಾದ ಗತಿ ಪತ್ತೇದಾರಿ ಸಾಹಿತ್ಯದ ಮುಂದಿನ ದಾರಿಯ ಮೇಲೂ ಬೆಳಕು ಚೆಲ್ಲುತ್ತದೆ. ಫ್ರಾನ್ಸಿನಲ್ಲಿ ಎಮಿಲ್ ಗಾಬೋರಿಯೋ ೧೮೬೯ರಲ್ಲಿ ಗ್ರಂಥರೂಪವಾಗಿ ತಂದ ‘ಮಸ್ಯೋ ಲೆಕಾಕ್’ ಕಾದಂಬರಿಯಲ್ಲಿ ತರುಣ ಪತ್ತೇದಾರ ಲೆಕಾಕನಿಗೆ ಅಪರಾಧಿಯಷ್ಟೇ ತೊಡಕಾಗಿರುವವನು ಆತನ ಮೇಲಧಿಕಾರಿ ಗೆವ್ರೋಲ್. ಸುಲಭವಾದ ವಿವರಣೆಯೊಂದು ಸಿಕ್ಕಿದೊಡನೆ ಗೆವ್ರೋಲ್ ತೃಪ್ತನಾಗುತ್ತಾನೆ. ಕಿರಿಯನ ಅನುಮಾನಗಳನ್ನು ಗೇಲಿ ಮಾಡುತ್ತಾನೆ. ೧೮೮೭ರಲ್ಲಿ ಕಾನನ್ ಡಾಯ್ಲನು ಷೆರ್ಲಾಕ್ ಹೋಮ್ಸನನ್ನು ಮೊದಲ ಬಾರಿಗೆ ರಂಗಕ್ಕೆ ತಂದ ಕಥೆಯಲ್ಲಿ ಸ್ಕಾಟ್ಲೆಂಡ್ ಯಾರ್ಡಿನ ಲೆಸ್ಟ್ರೇಡ್ ಮತ್ತು ಗ್ರೆಗ್ಸನ್ ಇಬ್ಬರೂ ಒಬ್ಬರ ಮೇಲೊಬ್ಬರು ಹೊಟ್ಟೆಕಿಚ್ಚು ಪಡುತ್ತಾರೆ. ಗ್ರೆಗ್ಸನನು ನಿರಪರಾಧಿಯೊಬ್ಬನನ್ನು ಬಂಧಿಸಿ ಬೀಗುತ್ತಾನೆ. ಕಡೆಗೆ ರಹಸ್ಯವನ್ನು ಭೇದಿಸಿದವನು ಹೋಮ್ಸ್, ಪತ್ರಿಕೆಯಲ್ಲಿ ಹೊಗಳಿಕೆ ಬರುವುದು ಆ ಇಬ್ಬರಿಗೆ. ೧೮೯೩ರಲ್ಲಿ ಬಂದ ಇನ್ನೊಂದು ಕಥೆಯಲ್ಲಿ ಹೋಮ್ಸನೇ ಲೆಕ್ಕ ಹೇಳುತ್ತಾನೆ: ಕಳೆದ ೫೩ ಪ್ರಕರಣಗಳಲ್ಲಿ ತನ್ನ ಹೆಸರು ಕಾಣಿಸಿಕೊಂಡುದು ೪ರಲ್ಲಿ, ೪೯ರ ಕೀರ್ತಿ ಪೊಲೀಸರಿಗೆ ಸಂದಿದೆ.

ಹೋಮ್ಸನು ಇದನ್ನು ನಕ್ಕು ಸಹಿಸಬಲ್ಲನು, ಏಕೆಂದರೆ ಆತನು ಯಾವ ಇಲಾಖೆಗೂ 5 ಸೇರಿದವನಲ್ಲ. ಆತನಿಗೆ ಮೇಲಧಿಕಾರಿಯಿಲ್ಲ, ಬಡ್ತಿಯಿಲ್ಲ, ಪಿಂಚಣಿಯಿಲ್ಲ; ಆದುದರಿಂದ ಆತನನ್ನು ಬಲಿಗೊಡುವ ಶಕ್ತಿ ಯಾರಿಗೂ ಇಲ್ಲ. ಖಾಸಗಿ ಪತ್ತೇದಾರನ ಪಾತ್ರ ಅಷ್ಟೊಂದು ಜನಪ್ರಿಯವಾದುದಕ್ಕೆ ಆತನ ಬುದ್ಧಿಯ ಚಮತ್ಕಾರವೇ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಕಚೇರಿಯ ಹಗ್ಗ ಕೊರಳಿಗಿಲ್ಲದ ಆತನ ಸ್ವಾತಂತ್ರ್ಯವೂ ಅಷ್ಟೇ ದೊಡ್ಡ ಕಾರಣವೆಂದು ನಮಗೆ ತೋರುತ್ತದೆ. ವಿಚರನೂ ನಿವೃತ್ತನಾದ ಬಳಿಕ ಖಾಸಗಿ ವಿಚಾರಣೆಯ ಕೆಲಸಕ್ಕೆ ತೊಡಗಿದನು. ಟಿಚ್‌ಬೋರ್ನ್ ಮನೆತನದ ಆಸ್ತಿಗೆ ತಾನೇ ವಾರಸುದಾರನೆಂದು ಬಂದ ವಂಚಕನು ೧೮೬೬ರ ಕ್ರಿಸ್ಮಸ್ ದಿನ ಲಂಡನ್ನಿಗೆ ಕಾಲಿಟ್ಟೊಡನೆ ವ್ಯಾಪಿಂಗ್ ಎಂಬ ಬೀದಿಗಳ ಕಡೆಗೆ ಹೋಗಿ ಕಸಾಯಿಯೊಬ್ಬನ ಕುಟುಂಬವನ್ನು ವಿಚಾರಿಸಿದ್ದನೆಂಬ ಸಂಗತಿಯನ್ನು ಹೊರತೆಗೆದವನು ಈತನೇ. ೧೮೭೪ರಲ್ಲಿ ಆ ವಂಚಕನಿಗೆ ೧೪ ವರ್ಷಗಳ ಶಿಕ್ಷೆಯಾಯಿತು. ವಿಚರನು ೧೮೮೧ರಲ್ಲಿ ತೀರಿಕೊಂಡನು.

ಇಲಾಖೆಯ ಗತಿಯೇನಾಯಿತು? ೧೮೭೭ರಲ್ಲಿ ಯಾರ್ಡಿನ ಹಿರಿಯ ಪತ್ತೇದಾರರಾದ ಡ್ರುಸ್ಕೋವಿಚ್, ಪಾಮರ್, ಮೈಕಲ್‌ಜಾನ್, ಕ್ಲಾರ್ಕ್ ಇವರು ಕುದುರೆ ಜೂಜಿನ ವಂಚಕರಿಂದ ಲಂಚ ಪಡೆದು ಸುದ್ದಿ ಕೊಟ್ಟರೆಂಬ ಆರೋಪಕ್ಕೆ ಗುರಿಯಾಗಿ ನ್ಯಾಯಾಲಯಕ್ಕೆ ಬಂದರು. ಕ್ಲಾರ್ಕನ ಹೊರತು ಮಿಕ್ಕ ಮೂವರಿಗೆ ಎರಡೆರಡು ವರ್ಷಗಳ ಕಠಿಣ ಶಿಕ್ಷೆಯಾಯಿತು. ಮರುವರ್ಷ ಹಳೆಯ ಶಾಖೆಯನ್ನು ಮುರಿದು ಹೊವರ್ಡ್ ವಿನ್ಸೆಂಟನ ಕೆಳಗೆ ಅಪರಾಧ ತನಿಖಾ ಇಲಾಖೆಯನ್ನು ಕಟ್ಟಿದರು. ಪ್ರಾಮಾಣಿಕನಾದ ವಿಚರನು ಹೊರಬಿದ್ದ ಹದಿಮೂರು ವರ್ಷಗಳ ಬಳಿಕ ಇಲಾಖೆಯ ನಿಜವಾದ ರೋಗ ಹೊರಬಿದ್ದಿತು. ಒಂದು ಸಂಗತಿಯಿಂದ ಇನ್ನೊಂದು ಹುಟ್ಟಿತೆಂದು ಸಾಧಿಸಲು ನಾವು ಹೊರಡುವುದಿಲ್ಲ. ಆದರೆ ತಪ್ಪು ಮಾಡದವನನ್ನು ಕಳುಹಿಸಿಕೊಟ್ಟು ಕೈತೊಳೆದುಕೊಂಡುದರಿಂದ ಸಂಸ್ಥೆ ಶುದ್ಧವಾಗಲಿಲ್ಲ ಎಂಬಷ್ಟು ಮಾತ್ರ ನಿಸ್ಸಂದೇಹ.

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಥಿರಪಡುತ್ತವೆ. ಒಂದು, ತಪ್ಪಿನ ಹೊಣೆ ತಪ್ಪಿನ ಮೂಲವನ್ನು ಹುಡುಕಿಕೊಂಡು ಹೋಗುವುದಿಲ್ಲ. ರಕ್ಷಣೆ ಎಲ್ಲಿ ಕಡಿಮೆಯೋ ಅಲ್ಲಿಗೆ ಹರಿಯುತ್ತದೆ. ಯಜಮಾನನಿಂದ ದಾದಿಗೆ, ಮಗಳಿಂದ ಅಗಸಗಿತ್ತಿಗೆ, ಊರಿನ ಪೊಲೀಸರಿಂದ ಹೊರಗಿನ ಪತ್ತೇದಾರನಿಗೆ, ಸೇನಾಧಿಕಾರಿಯಿಂದ ಸೂರೆಗೊಂಡವರಿಗೆ ಅದು ಇಳಿದ ದಾರಿಯನ್ನು ನಾವು ಕಂಡಿದ್ದೇವೆ. ಎರಡು, ಇಂತಹ ಇಳಿತವನ್ನು ಕಡತಗಳು ದಾಖಲು ಮಾಡುವುದು ಅಪರೂಪ, ಏಕೆಂದರೆ ಕಡತಗಳನ್ನು ಬರೆಯುವವರು ಮೇಲಿನವರು. ರೋಡ್ ಗ್ರಾಮದ ರಕ್ತದ ಬಟ್ಟೆಯ ವಿಷಯ ಹೊರಬಂದುದು ಜನ ನಗುತ್ತಿದ್ದ ಒಂದು ವಿಚಾರಣೆಯಲ್ಲಿ. ಅದರ ಅರ್ಥ ಉಳಿದುಬಂದುದು ಜನ ಹೊತ್ತು ಕಳೆಯಲು ಓದಿದ ಒಂದು ಕಾದಂಬರಿಯಲ್ಲಿ. ಇತಿಹಾಸಕಾರನು ಈ ಎರಡನ್ನೂ ತಳ್ಳಿಹಾಕದೆ ಓದುವುದು ಲೇಸು.